ಛತ್ರದ ಗೋಡೆ ಒಡೆದ ಜಲ್ಲಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನ ಒಬ್ಬ ಕಂಟ್ರಾಕ್ಟರ ಬಳಿ ಸೂಪರ್‌ವೈಸರ್ ಆಗಿದ್ದೆ. ಡಿಪ್ಲೊಮಾ ಮುಗಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಬೆಳಿಗ್ಗೆ ಶೆಟ್ಟಿಹಳ್ಳಿಯ ಮನೆಯಿಂದ ಹೊರಟು ಬಸ್ಸಿನಲ್ಲಿ ಗುಬ್ಬಿಗೆ ಹೋಗುವುದು, ಸಂಜೆ ಮೈತುಂಬ ಸುಣ್ಣದ ಧೂಳು ಹೊತ್ತು ವಾಪಸಾಗುವುದು. ಅಲ್ಲಿ ಹಳೆಯದೊಂದು ಛತ್ರವನ್ನು ಕೆಡವಿ, ಅದೇ ಜಾಗದಲ್ಲಿ ಹಾಸ್ಟೆಲ್ಲು ಕಟ್ಟಬೇಕಿತ್ತು.

ಕೆಡವಿದ್ದರಲ್ಲಿ ಏನನ್ನೂ ಬಿಸಾಡುತ್ತಿರಲಿಲ್ಲ. ಪೂರ್ತಿ ಇಟ್ಟಿಗೆಗಳನ್ನು ಗಾರೆ ಕೆರೆದು ಒಂದು ಕಡೆ ಜೋಡಿಸುತ್ತಿದ್ದೆವು. ಮುರಿದವನ್ನು ಹೆಂಗಸರು ಸುತ್ತಿಗೆಯಿಂದ ಒಂದೂವರೆ ಇಂಚಿನ ಜಲ್ಲಿ ಮಾಡುತ್ತಿದ್ದರು. ಆ ಜಲ್ಲಿಯೇ ಹೊಸ ಕಟ್ಟಡದ ಪಾಯದ ತಳಕ್ಕೆ ಕಾಂಕ್ರೀಟಾಗಿ ಹೋಗುತ್ತಿತ್ತು.

ಕೂಲಿಯವರಲ್ಲಿ ಹಾಗಲವಾಡಿ ಕಡೆಯ ಗಂಡ ಹೆಂಡತಿ ಇದ್ದರು. ಅವನು ಗೋಡೆ ಕೆಡವುತ್ತಿದ್ದ, ಅವಳು ಜಲ್ಲಿ ಒಡೆಯುತ್ತಿದ್ದಳು. ಹಾರೆ ಎತ್ತುವ ಮೊದಲು ಅವನು ಗೋಡೆಗೆ ಅಂಗೈಯಿಂದ ಎರಡು ಏಟು ಬಡಿದು ಕಿವಿಗೊಡುತ್ತಿದ್ದ, ಎತ್ತನ್ನು ಕೊಳ್ಳುವವರು ಬೆನ್ನು ತಟ್ಟಿ ನೋಡುವ ಹಾಗೆ.

ಎರಡು ದಿನ ಮಳೆ ಹಿಡಿದು ಬಿಟ್ಟಿತ್ತು. ಪೂರ್ವದ ಗೋಡೆಯೊಂದೇ ಉಳಿದಿತ್ತು. ಸೋಮವಾರದೊಳಗೆ ಜಾಗ ಖಾಲಿ ಮಾಡಿ ತೋರಿಸಬೇಕೆಂದು ನನಗೆ ಆತುರ. ಮೇಲಿನಿಂದ ವರಸೆ ವರಸೆಯಾಗಿ ಬಿಚ್ಚುತ್ತಾ ಬಂದರೆ ಮೂರು ದಿನ ಹಿಡಿಯುತ್ತದೆ. ಬುಡದಲ್ಲಿ ಕೊರೆದರೆ ಅರ್ಧ ದಿನ ಸಾಕು, ಒಂದೇ ಸಲ ಮಲಗುತ್ತದೆ. ಅವನು ಗೋಡೆ ಬಡಿದು ನೋಡಿ ತಲೆಯಾಡಿಸಿದ.

"ನೀರ್ ಕುಡ್ದದೆ ಬುದ್ಧಿ. ಮೇಲಿಂದ್ಲೇ ಬಿಚ್ಕೊಂಡ್ ಬತ್ತೀನಿ."

"ಬುಡ ಕೊರಿ, ನಾನ್ ಹೇಳ್ತಾ ಇದೀನಲ್ಲ," ಎಂದೆ. ಹೇಳಿ, ಎದುರಿನ ಹೋಟೆಲಿಗೆ ಟೀ ಕುಡಿಯಲು ಹೋದೆ.

ಲೋಟ ಇನ್ನೂ ಕೈಯಲ್ಲೇ ಇತ್ತು, ನೆಲ ಅದುರಿತು. ಎಲ್ಲರೂ ಸೇರಿ ಇಟ್ಟಿಗೆ ಎಳೆದು ಅವನನ್ನು ಹೊರಗೆ ತೆಗೆಯುವಷ್ಟರಲ್ಲಿ ಜೀವ ಹೋಗಿತ್ತು. ಪೊಲೀಸಿನವರು ಬಂದು ಕೇಳಿದಾಗ, ನಾನು ಬೇಡವೆಂದರೂ ಕೇಳದೆ ಅವನೇ ಬುಡ ಕೊರೆದ ಎಂದು ಬರೆಸಿದೆ. ಹಾಗೆ ಹೇಳು ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಕಂಟ್ರಾಕ್ಟರು ಅಷ್ಟು ಹೊತ್ತಿಗೆ ಬಂದೇ ಇರಲಿಲ್ಲ. ಮಾತು ತಾನಾಗಿ ನನ್ನ ಬಾಯಿಂದ ಬಂತು.

ತಿಥಿ ಮುಗಿಸಿಕೊಂಡು ಅವಳು ಮತ್ತೆ ಕೆಲಸಕ್ಕೆ ಬಂದಳು. ಆಗ ಒಡೆಯಲು ಉಳಿದಿದ್ದ ರಾಶಿ ಆ ಗೋಡೆಯದೇ. ಬೇರೆ ಕೆಲಸ ಕೊಡಿಸಲೇ ಎಂದು ಮೇಸ್ತ್ರಿ ಕೇಳಿದರೆ, ಇದೇ ಆಗಲಿ ಎಂದಳಂತೆ. ಹಳೇ ಸೈಕಲ್ ಟ್ಯೂಬಿನ ತುಂಡನ್ನು ಬಳೆಯಂತೆ ಮಡಿಸಿ, ಅದರೊಳಗೆ ಇಟ್ಟಿಗೆಯನ್ನು ಹಿಡಿದು, ಬೆಳಗಿನಿಂದ ಸಂಜೆವರೆಗೆ ಒಂದೇ ಸಮ ಒಡೆದಳು. ಮನೆಯಲ್ಲಿ ಊಟಕ್ಕೆ ಕೂತರೂ ನನಗೆ ಆ ಸದ್ದು ಕೇಳುತ್ತಿತ್ತು. ಅಮ್ಮ ಅಡುಗೆಮನೆಯಲ್ಲಿ ಕಾಯಿ ಒಡೆದರೆ ಬೆಚ್ಚಿಬೀಳುತ್ತಿದ್ದೆ.

ಒಂದು ಮಧ್ಯಾಹ್ನ ಜಲ್ಲಿ ಅಳೆಸಲು ಅಳತೆ ಪೆಟ್ಟಿಗೆಯ ಪಕ್ಕ ನಿಂತಿದ್ದೆ. ಅವಳು ತಲೆಯೆತ್ತದೆ ಕೇಳಿದಳು.

"ಅವ್ರು ಯಾವತ್ತೂ ಬುಡ ಕೊರ್ದೋರಲ್ಲ ಬುದ್ಧಿ. ಅವತ್ತು ಯಾಕ್ ಕೊರುದ್ರೋ?"

"ಗೊತ್ತಿಲ್ಲಮ್ಮ," ಎಂದೆ.

ಅವಳು ಸ್ವಲ್ಪ ಹೊತ್ತು ಸುತ್ತಿಗೆ ಎತ್ತಲಿಲ್ಲ. ಆಮೇಲೆ ಎತ್ತಿದಳು.

ಹಳೇ ಇಟ್ಟಿಗೆ ಸಿಮೆಂಟಿನ ನೀರನ್ನೆಲ್ಲ ಹೀರಿಬಿಡುತ್ತದೆಂದು ಜಲ್ಲಿಯನ್ನು ಹಿಂದಿನ ದಿನವೇ ನೆನೆಸಬೇಕು. ನೆನೆಸಿದಾಗ ನೀರು ಕೆಂಪಗಾಗುವುದನ್ನು ಎಷ್ಟೋ ಸಲ ನೋಡಿದ್ದೆ. ಆ ಸಲ ನೋಡಲಾಗಲಿಲ್ಲ. ಪಾಯದ ಯಾವ ಮೂಲೆಗೆ ಆ ಜಲ್ಲಿ ಬಿತ್ತೆಂಬುದು ನನಗೆ ಇವತ್ತಿಗೂ ಗೊತ್ತು. ಕೆಲಸ ಮುಗಿದಾಗ ಅವಳು ಊರಿಗೆ ಹೋದಳು.

ಎಂಬತ್ತರ ನಂತರ ಕುಣಿಗಲ್‌ನಲ್ಲಿ ಕೆಲಸ ಹಿಡಿದೆ. ಗೋಡೆ ಕೆಡವುವ ದಿನ ಯಾರನ್ನೂ ಬುಡಕ್ಕೆ ಹೋಗಗೊಡುತ್ತಿರಲಿಲ್ಲ. ಪುಕ್ಕಲ ಎಂದು ಕೂಲಿಯವರು ನಗುತ್ತಿದ್ದರು. ಹತ್ತು ವರ್ಷ ಕಳೆದ ಮೇಲೆ ಒಮ್ಮೆ ನಡುಮಧ್ಯಾಹ್ನ ಹಳೇ ಗೋದಾಮೊಂದರ ಒಳಗೆ ಟೇಪು ಹಿಡಿದು ಅಳೆಯುತ್ತಿದ್ದಾಗ, ಗೋಡೆಯ ಆಚೆ ಬದಿಯಿಂದ ಅಂಗೈ ಬಡಿದ ಸದ್ದು ಕೇಳಿಸಿತು. ಎರಡೇ ಏಟು. ಸುತ್ತಿ ಹೋಗಿ ನೋಡಿದರೆ ಯಾರೂ ಇರಲಿಲ್ಲ, ಕೂಲಿಯವರೆಲ್ಲ ದೂರದ ಹುಣಸೆಮರದ ಕೆಳಗೆ ಊಟ ಮಾಡುತ್ತಿದ್ದರು. ಟೇಪು ಸುತ್ತಿಟ್ಟು ಮನೆಗೆ ಹೋದೆ. ಮರುದಿನ ಹಾಗಲವಾಡಿಗೆ ಹೊರಟೆ.

ಅವಳು ಮನೆ ಮುಂದೆ ಕೂತು ರಾಗಿ ಕೇರುತ್ತಿದ್ದಳು. ನನ್ನ ಗುರುತು ಹಿಡಿದು ಚಾಪೆ ಹಾಸಿದಳು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿಬಿಟ್ಟೆ.

"ಗೊತ್ತಿತ್ತು ಬುದ್ಧಿ," ಎಂದಳು. "ಗ್ವಾಡೆ ಇಂದೆ ತೊಟ್ಟೀಲಿ ನೀರ್ ಮೊಗೀತಿದ್ದೆ. ನೀವ್ ಏಳಿದ್ದು ಕೇಳುಸ್ತು."

ಮತ್ತೆ ಪೊಲೀಸರಿಗೆ ಯಾಕೆ ಹೇಳಲಿಲ್ಲವೆಂದು ಕೇಳಿದೆ.

"ಏಳಿದ್ರೆ ಕೆಲ್ಸ ಕೊಡ್ತಿದ್ರಾ? ಮಗು ಇತ್ತು. ನೀವೇ ಏಳ್ತೀರೇನೋ ಅಂತ ಒಂದ್ಸಲ ಕೇಳ್ದೆ."

ನಾನು ಕೈಮುಗಿದೆ. ಅವಳು ಅದನ್ನು ನೋಡಲಿಲ್ಲ. ಮಗಳು ಸ್ಕೂಲಿನಿಂದ ಬರುತ್ತಾಳೆ, ಅವಳ ಮುಂದೆ ಹೇಳಿ ಹೋಗಿ ಎಂದಳು. ಅವಳಪ್ಪ ದಡ್ಡತನದಿಂದ ಸತ್ತನೆಂದು ಊರಿನವರು ಆಡಿಕೊಳ್ಳುತ್ತಾರಂತೆ.

ಹುಡುಗಿಗೆ ಹನ್ನೆರಡೋ ಹದಿಮೂರೋ ಇರಬೇಕು. ಚೀಲ ಹೆಗಲಿನಲ್ಲೇ ಇಟ್ಟುಕೊಂಡು ಪೂರ್ತಿ ಕೇಳಿದಳು. ಆಮೇಲೆ, ಅಪ್ಪ ನಿಮಗೆ ಏನಂದಿದ್ರು ಎಂದು ಕೇಳಿದಳು. ಮೇಲಿಂದ ಬಿಚ್ಚಿಕೊಂಡು ಬರುತ್ತೇನೆ ಅಂದಿದ್ದರು, ನಾನು ಕೇಳಲಿಲ್ಲ ಎಂದೆ.

ಬಸ್ಸಿನ ಹೊತ್ತಾಗಿತ್ತು. ಹುಡುಗಿ ನನ್ನ ಜೊತೆ ಬಂದಳು. ಬಸ್ಸು ನಿಲ್ಲುವಲ್ಲಿ ಒಂದು ಅಂಗಡಿ, ಅದರ ಜಗಲಿ ಮೇಲೆ ಊರಿನ ನಾಲ್ಕೈದು ಗಂಡಸರು ಕೂತಿದ್ದರು. ಅವಳು ಅಲ್ಲಿ ನಿಂತಳು.

"ಇವ್ರ್ ಮುಂದೂ ಏಳಿ."

ಹೇಳಿದೆ. ಗುಬ್ಬಿಯಲ್ಲಿ ಗೋಡೆ ಬಿದ್ದದ್ದು ನನ್ನ ಮಾತಿನಿಂದ, ಆತ ಬೇಡವೆಂದಿದ್ದ, ನಾನು ಪೊಲೀಸರಿಗೆ ಸುಳ್ಳು ಬರೆಸಿದೆ. ಯಾರೂ ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಒಬ್ಬ ಮುದುಕ ಮಾತ್ರ ಎದ್ದು ಹೆಗಲ ಮೇಲಿನ ಟವೆಲ್ಲು ಕೊಡವಿ, ಹುಡುಗಿಯ ಕಡೆ ನೋಡಲಾರದೆ ಮನೆ ಕಡೆ ನಡೆದುಬಿಟ್ಟ.

ಬಸ್ಸು ಬಂತು. ಕಿಟಕಿಯ ಪಕ್ಕ ಕೂತು ನೋಡಿದೆ. ಅವಳು ಜಗಲಿಗೆ ಬೆನ್ನು ಹಾಕಿ, ಬಸ್ಸು ಹೊರಡುವವರೆಗೂ ನನ್ನನ್ನೇ ನೋಡುತ್ತಾ ನಿಂತಿದ್ದಳು.