ಬಾಯಿ ಮುಚ್ಚಲು ಒಂದು ಪ್ರಿಂಟರ್

ಹೋದ ಭಾನುವಾರ ಮೂಡಿಗೆರೆಯ ಒಂದು ಸಭೆಯಲ್ಲಿ ಎದ್ದು ನಿಂತು, ನನ್ನ ಜೀವಮಾನದ ಅತ್ಯುತ್ತಮ ಚೌಕಾಶಿಯನ್ನು ಘೋಷಿಸಿದೆ. ಒಬ್ಬನಾದರೂ ಚಪ್ಪಾಳೆ ತಟ್ಟಬೇಕಲ್ಲ? ಇಲ್ಲ. ಯಾರೋ ಕೆಮ್ಮಿದರು, ಅಷ್ಟೆ.

ಬಣಕಲ್‌ನಲ್ಲಿ ನನ್ನದೊಂದು ಪಂಪ್‌ಸೆಟ್ ಬಿಡಿಭಾಗದ ಅಂಗಡಿ ಇರುವುದು ನಿಮಗೆ ಗೊತ್ತು. (ಈ ಅಂಕಣದಲ್ಲಿ ಎಷ್ಟು ಸಲ ಪುಕ್ಕಟೆ ಜಾಹೀರಾತು ಕೊಟ್ಟುಕೊಂಡಿಲ್ಲ!) ಪಕ್ಕದ ಮಳಿಗೆ ಸುಮಿತ್ರಳದು. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಿ ಲಗ್ನಪತ್ರಿಕೆ, ಕರಪತ್ರ, ಸಂಘಗಳ ವರದಿ ಎಲ್ಲ ಮಾಡಿಕೊಡುತ್ತಾಳೆ. ಮನೆ ನಡೆಯುವುದು ಅದರಲ್ಲೇ.

ಆ ಕನ್ನಡ ಸಾಫ್ಟ್‌ವೇರ್‌ಗೆ ಒಂದು ಬೀಗ. ಹೆಬ್ಬೆರಳಿನಷ್ಟು ದೊಡ್ಡದು, ಡಾಂಗಲ್ ಅನ್ನುತ್ತಾರೆ. ಅದನ್ನು ಕಂಪ್ಯೂಟರಿನ ಬೆನ್ನಿಗೆ ಚುಚ್ಚಿದ್ದರೆ ಮಾತ್ರ ಕೆಲಸ. ಮೊನ್ನೆ ಬೇಸಿಗೆಯ ಒಂದು ಸಿಡಿಲಿಗೆ ಅದು ಸುಟ್ಟುಹೋಯಿತು. ವರ್ಷಗಳಿಂದ ಮಾಡಿಟ್ಟ ಫೈಲುಗಳೆಲ್ಲ ಒಳಗೆ ಭದ್ರವಾಗಿವೆ. ತೆರೆದರೆ ಬರೀ ಗೀಚು.

ಕಂಪನಿಗೆ ಫೋನ್ ಮಾಡಿದಳು. "ಆ ವರ್ಷನ್ ನಿಲ್ಸಿದೀವಿ ಮೇಡಂ. ಹೊಸದು ತಗೊಳ್ಳಿ. ಹಳೆ ಫೈಲ್ ಅದ್ರಲ್ಲಿ ಓಪನ್ ಆಗಲ್ಲ. ಅದಕ್ಕೆ ದಾರಿನೇ ಇಲ್ಲ."

ನಮ್ಮ ಕಡೆ ಕಾಫಿ ಕೊಳ್ಳುವವನು ಮೊದಲು ಏನು ಮಾಡುತ್ತಾನೆ? ಚೀಲದ ನಡುವಿಗೆ ಕೊಳವೆ ಚುಚ್ಚಿ, ಬೀಜ ಹೊರಗೆ ತೆಗೆದು ನೋಡುತ್ತಾನೆ. 'ಚುಚ್ಚಬೇಡಿ, ಬಿಚ್ಚಬೇಡಿ, ದುಡ್ಡಿಟ್ಟು ಹೊತ್ತುಕೊಂಡು ಹೋಗಿ' ಎಂದರೆ ಸುಮ್ಮನಿರುತ್ತಾನೆಯೇ? ಕಂಪ್ಯೂಟರ್ ವಿಷಯದಲ್ಲಿ ಮಾತ್ರ ನಾವೆಲ್ಲ ಸುಮ್ಮನಿದ್ದೇವೆ.

ಸುಮ್ಮನಿರದವನು ನಾಗೇಶ. ಕುದುರೆಮುಖದಲ್ಲಿ ಗಣಿ ನಿಂತ ಮೇಲೆ ಮೂಡಿಗೆರೆಗೆ ಬಂದು ನೆಲೆಸಿದವನು. ಒಂದಷ್ಟು ಜನರನ್ನು ಸೇರಿಸಿಕೊಂಡು ಬಳಕೆದಾರರ ಸಂಘ ನಡೆಸುತ್ತಾನೆ. ಲಾಭವಿಲ್ಲ, ಸಂಬಳವಿಲ್ಲ. ಗ್ಯಾಸ್ ಸಿಲಿಂಡರ್ ತೂಕ ಹಾಕಿಸುತ್ತಾರೆ, ಬಂಕಿನಲ್ಲಿ ಪೆಟ್ರೋಲ್ ಅಳೆಸುತ್ತಾರೆ. ಸಿಡಿ ಹಿಡಿದುಕೊಂಡು ಶಾಲೆ ಶಾಲೆಗೆ ಹೋಗಿ ಫ್ರೀ ಸಾಫ್ಟ್‌ವೇರ್ ಹಾಕಿಕೊಡುತ್ತಾರೆ. ಫ್ರೀ ಎಂದರೆ ವ್ಯಾಪಾರಿಯಾದ ನನಗೆ ಮೊದಲಿನಿಂದಲೂ ಅನುಮಾನ. ಕೇಳಿಯೇ ಬಿಟ್ಟೆ.

"ಬೆಲೆ ಇಲ್ಲ ಅಂತಲ್ಲ ಅಣ್ಣ, ಬೀಗ ಇಲ್ಲ ಅಂತ. ಒಳಗೆ ನೋಡ್ಬಹುದು, ರಿಪೇರಿ ಮಾಡ್ಬಹುದು, ಪಕ್ಕದ್ಮನೆಯವ್ರಿಗೂ ಕೊಡ್ಬಹುದು."

ಆದರೆ ಅವನ ಸಿಡಿಯಿಂದಲೂ ಸುಮಿತ್ರಳ ಹಳೆಯ ಫೈಲು ತೆರೆಯಲಿಲ್ಲ. ಅದರ ಗುಟ್ಟಿರುವುದು ಕಂಪನಿಯ ಹತ್ತಿರ. ಹಾಗಾಗಿ ಸಂಘ ಆಕೆಯ ಹೆಸರಿನಲ್ಲಿ ಗ್ರಾಹಕ ನ್ಯಾಯಾಲಯಕ್ಕೆ ಹೋಯಿತು. ಬೇಡಿಕೆ ಒಂದೇ: ಹಳೆಯ ಫೈಲು ತೆರೆಯುವ ದಾರಿ ಕೊಡಿ, ಎಲ್ಲ ಗಿರಾಕಿಗಳಿಗೂ ಕೊಡಿ.

ಇದರ ನಡುವೆ ಕಂಪನಿಯ ಏಜೆಂಟ್ ರಾಜಿ ಮಾತಿಗೆಂದು ನನ್ನ ಅಂಗಡಿಗೆ ಬಂದ. "ಮಾತಾಡಿ ನೋಡಿ ಅಣ್ಣ" ಎಂದಳು ಸುಮಿತ್ರ. ಬಿಟ್ಟೇನೆಯೇ? ಮೊದಲನೇ ಲೋಟ ಕಾಫಿಗೆ ಹೊಸ ಸಾಫ್ಟ್‌ವೇರ್ ಪುಕ್ಕಟೆ ಎಂದ. ಎರಡನೇ ಲೋಟಕ್ಕೆ, ಹಳೆಯ ಫೈಲನ್ನೆಲ್ಲ ಹೊಸದಕ್ಕೆ ಬದಲಾಯಿಸಿ ಕೊಡುತ್ತೇವೆ ಎಂದ. (ದಾರಿಯೇ ಇಲ್ಲ ಎಂದಿದ್ದರಲ್ಲ, ಅದು ಅವರ ಜೇಬಿನಲ್ಲೇ ಇತ್ತು!) ಷರತ್ತು ಎರಡು. ಕೇಸು ವಾಪಸ್ ತೆಗೆಯಬೇಕು. ಈ ವಿಷಯ ಯಾರಿಗೂ ಹೇಳುವುದಿಲ್ಲ ಎಂದು ಸಹಿ ಹಾಕಬೇಕು.

ಇದನ್ನೇ ನಾನು ಭಾನುವಾರ ಸಂಘದ ವಾರ್ಷಿಕ ಸಭೆಯಲ್ಲಿ ಎದೆಯುಬ್ಬಿಸಿ ಹೇಳಿದ್ದು. ಕೆಮ್ಮು ನಿಂತ ಮೇಲೆ, ಕಳಸದಲ್ಲಿ ಇಂಥದೇ ಅಂಗಡಿ ಇಟ್ಟಿರುವ ದಿನೇಶ ಎದ್ದ.

"ನಂದೂ ಅದೇ ಸಾಫ್ಟ್‌ವೇರ್. ಡಾಂಗಲ್ಲು ಈಗ್ಲೋ ಆಗ್ಲೋ ಅಂತಿದೆ. ನಮ್ಮ ಫೈಲಿಗೆಲ್ಲ ಎಂತ ಗತಿ?"

"ನೀನೂ ಒಂದು ಕೇಸು ಹಾಕು ಮಾರಾಯ. ನಿಂಗೂ ಕೊಡಿಸ್ತೀನಿ."

"ಬಾಯಿ ಬಿಡಲ್ಲ ಅಂತ ಒಪ್ಪಿದ್ಮೇಲೆ ಹ್ಯಾಗೆ ಕೊಡಿಸ್ತೀರ? ಕೈಸನ್ನೆ ಮಾಡಿನಾ?"

ಸಭೆಗೆ ಆಗ ನಗು ಬಂತು. ನಾಗೇಶ ಮಾತ್ರ ನಗದೆ, ಮುಂದೆ ಕೂತಿದ್ದ ಸುಮಿತ್ರಳನ್ನು ನೋಡಿದ. "ಸಹಿ ಹಾಕ್ಬೇಡಿ ಅಕ್ಕ ಅಂತ ನಾನು ಹೇಳಲ್ಲ. ನಿಮ್ಮಂಗಡಿ ಕರೆಂಟ್ ಬಿಲ್ ನಾನು ಕಟ್ತೀನಾ? ಆದ್ರೆ ಇಷ್ಟು ತಿಂಗಳು ಓಡಾಡಿದ್ದು ಇದೊಂದಕ್ಕೇ. ನೀವು ವಾಪಸ್ ತಗೊಂಡ್ರೆ ಮತ್ತೆ ಒಂದರಿಂದ ಶುರು."

ಸುಮಿತ್ರ ನನ್ನ ಕಡೆ ತಿರುಗಿದಳು. "ಆ 'ಯಾರಿಗೂ ಹೇಳ್ಬಾರ್ದು' ಅನ್ನೋದನ್ನ ತೆಗೆಸಿ ಅಣ್ಣ. ಇವತ್ತೇ ಸಹಿ ಹಾಕ್ತೀನಿ."

ಇದೇನು ಮಹಾ ಎಂದುಕೊಂಡು ಜಗಲಿಗೆ ಬಂದು ಏಜೆಂಟನಿಗೆ ಫೋನ್ ಹಚ್ಚಿದೆ.

"ಬೇಕಾದ್ರೆ ಮೇಡಂಗೆ ಒಂದು ಹೊಸ ಪ್ರಿಂಟರ್ ಸೇರಿಸಿ ಕೊಡ್ತೀವಿ ಸಾರ್. ಆ ಸಾಲು ಮಾತ್ರ ಬಿಡಕ್ಕಾಗಲ್ಲ."

ಪ್ರಿಂಟರ್! ನಾನು ಕೇಳಿಯೇ ಇರಲಿಲ್ಲ. ವ್ಯಾಪಾರದಲ್ಲಿ ಏಟು ತಿಂದು ಕಲಿತದ್ದೊಂದನ್ನು ನಿಮಗೂ ಹೇಳುತ್ತೇನೆ: ಎದುರಿನವನು ಏನು ಕೊಡುತ್ತಾನೆ ಎಂದು ನೋಡಬೇಡಿ, ಏನನ್ನು ಬಿಡುವುದಿಲ್ಲ ಎಂದು ನೋಡಿ. ಅವನ ಸರಕು ಇರುವುದು ಅಲ್ಲಿ. ಕಂಪನಿಗೆ ಬೇಕಾದದ್ದು ಕೇಸು ಮುಗಿಯುವುದಲ್ಲ, ಸುಮಿತ್ರ ಸುಮ್ಮನಿರುವುದು. ಅದನ್ನು ನಾನು ಎರಡು ಲೋಟ ಕಾಫಿಗೆ ಮಾರಲು ಹೊರಟಿದ್ದೆ.

ಹಾಗಂತ ಸಹಿ ಹಾಕಬೇಡ ಎನ್ನಲಿಕ್ಕೆ ಬಾಯಿ ಬಂತೇ? ಬರಲಿಲ್ಲ. ಲಗ್ನದ ಸೀಸನ್ ಎದುರಿಗಿದೆ. ನ್ಯಾಯಾಲಯ ಯಾವಾಗ ತೀರ್ಪು ಕೊಡುತ್ತದೋ ಯಾರಿಗೆ ಗೊತ್ತು? ಅಲ್ಲಿಂದ ಬಂದ ಮೇಲೆ ಕೂತಲ್ಲಿ ಕೂರಲಾಗುತ್ತಿಲ್ಲ. ವಾಷರ್ ಕೇಳಿದವರಿಗೆ ಬೇರಿಂಗ್ ಕಟ್ಟಿ ಕಳಿಸಿದ್ದೇನೆ. ಊರಿಗೆಲ್ಲ ಸಲಹೆ ಹಂಚುವವನಿಗೆ ಪಕ್ಕದ ಅಂಗಡಿಗೆ ಹೇಳಲು ಒಂದು ಮಾತಿಲ್ಲ.

ಬುಧವಾರ ಅವಳೇ ಬಂದಳು.

"ಸಹಿ ಹಾಕಿದ್ಮೇಲೆ ಇದನ್ನ ನೀವು ಪೇಪರಲ್ಲಿ ಬರೆಯಕ್ಕಾಗಲ್ಲ ಅಲ್ವಾ ಅಣ್ಣ?"

"ಆಗಲ್ಲ."

"ಹಾಗಾದ್ರೆ ಈಗ್ಲೇ ಬರೆದ್ಬಿಡಿ. ಅಚ್ಚಾಗ್ಲಿ. ಆಮೇಲೆ ಮನಸ್ಸು ಬದಲಾಯಿಸಿ ಸಹಿ ಹಾಕೋಣ ಅಂದ್ರೂ ನಂಗೆ ದಾರಿ ಇರಲ್ಲ."

ಬರೆದಿದ್ದೇನೆ. ಕಂಪ್ಯೂಟರ್ ಅಂಗಡಿಗೆ ಹೋದಾಗ ರೇಟು ಕೇಳುವ ಮೊದಲು ಇದನ್ನು ಕೇಳಿ: 'ನಾಳೆ ನೀವಿಲ್ಲದಿದ್ದರೆ, ನಾನು ಬರೆದದ್ದು ನನಗೆ ಸಿಗುತ್ತದೆಯೇ?' ಅದು ನಿಮಗೆ ಸಲಹೆ. ಸುಮಿತ್ರಳಿಗೆ ಬೇಕಾದದ್ದು ಗಿರಾಕಿ. ಬೀಗವಿಲ್ಲದ ಸಾಫ್ಟ್‌ವೇರಿನಲ್ಲಿ ಒಂದೊಂದು ಪತ್ರಿಕೆಯನ್ನೂ ಮೊದಲಿನಿಂದ ಟೈಪ್ ಮಾಡುತ್ತಿದ್ದಾಳೆ. ಕೈ ಇನ್ನೂ ಕೂತಿಲ್ಲ, ನಿಧಾನ. ಬಂದವರು ಗಡಿಯಾರ ನೋಡಿ ಮೂಡಿಗೆರೆ ಬಸ್ಸು ಹತ್ತುತ್ತಿದ್ದಾರೆ.

ನಿಮ್ಮ ಮನೆಯ ಲಗ್ನಪತ್ರಿಕೆ ಎರಡು ದಿನ ತಡವಾದರೆ, ನೀವು ಕಾಯುತ್ತೀರಾ?