ಓರಗಿತ್ತಿಯ ಟವಲ್ಲು

ಮೈದುನನ ಹೆಂಡತಿಗೆ ತೊಡೆ ಮೇಲೆ ಕುರು ಎದ್ದಾಗ ನನಗೆ ಒಳಗೊಳಗೇ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ. ಅವಳು ಮದುವೆಯಾಗಿ ಬಂದು ಆರು ತಿಂಗಳೂ ಆಗಿರಲಿಲ್ಲ, ಅತ್ತೆ ಬಾಯಲ್ಲಿ ಬರೀ ಅವಳದೇ ಮಾತು. ಬೆಳ್ಳಗಿದ್ದಳು, ಆರನೇ ಕ್ಲಾಸು ಓದಿದ್ದಳು. ನಾನು ಹಿರಿಸೊಸೆ. ಏಳು ತಿಂಗಳ ಕೂಸು ಕಟ್ಟಿಕೊಂಡು ಸಗಣಿ ಬಾಚೋಳು.

ಆಗಿನ್ನೂ ರಾಜಾಜಿನಗರದಲ್ಲಿ ಸೈಟಿಗೆ ಕಲ್ಲು ನೆಡ್ತಾ ಇದ್ದರು. ನಮ್ಮ ಮನೆ ಮಾಗಡಿ ರಸ್ತೆ ಕಡೆ, ರಾಗಿ ಹೊಲದ ಪಕ್ಕ. ಮೈದುನ ಮಿಲ್ಲಿಗೆ ಹೋಗೋನು. ಹೆಂಡತೀನ ಸೈಕಲ್ ಮೇಲೆ ಕೂರಿಸಿಕೊಂಡು ಹೋಗಿ ಪೆನ್ಸಿಲಿನ್ ಸೂಜಿ ಹಾಕಿಸಿದ. ನನಗೆ ಹೆರಿಗೇಲೂ ಯಾರೂ ಸೂಜಿ ಹಾಕಿಸಿರಲಿಲ್ಲ. ಅದಕ್ಕೂ ಹೊಟ್ಟೆ ಉರೀತು.

ಕುರು ವಾಸಿಯಾಗಲಿಲ್ಲ. ಒಂದು ಒಡೆದರೆ ಪಕ್ಕದಲ್ಲಿ ಎರಡು ಏಳೋದು. ಡಾಕ್ಟರು ಮನೆಗೇ ಬಂದು ಕೀವು ತೆಗೆದು ಕಟ್ಟು ಕಟ್ಟಿದರು. "ಈ ರೋಗದ ಹುಳ ಪೆನ್ಸಿಲಿನ್‌ಗೆ ಬಗ್ತಾ ಇಲ್ಲ ಕಣಮ್ಮ" ಅಂದರು ಅತ್ತೆಗೆ. "ಮನೇಲಿ ಎಳೇ ಕೂಸಿದೆ, ಹುಷಾರು. ಇವಳ ಟವಲ್ಲು, ಸೋಪು, ಚಾಪೆ ಬೇರೆ ಇಡಿ. ಬಟ್ಟೆ ಕುದಿಸಿ. ಮುಟ್ಟಿದ ಕೈ ಸೋಪು ಹಾಕಿ ತೊಳೀರಿ."

ಮಾರನೇ ದಿನ ಮೈದುನ ಹೊಸ ಟವಲ್ಲು, ಕೆಂಪು ಸೋಪು ತಂದ. ನಮ್ಮ ಒಂಬತ್ತು ಜನಕ್ಕೂ ಬಚ್ಚಲಲ್ಲಿ ಒಂದೇ ಪಂಚೆ ತುಂಡು. ನನ್ನ ಪಾಳಿ ಬರೋ ಹೊತ್ತಿಗೆ ಅದು ಒದ್ದೆಯಾಗಿ ಮುಗ್ಗು ನಾರೋದು. ಆ ಮನೇಲಿ ನನ್ನದು ಅಂತ ಒಂದು ಬಾಚಣಿಗೇನೂ ಇರಲಿಲ್ಲ. ಇವಳಿಗೆ ಕುರು ಎದ್ದಿದ್ದಕ್ಕೆ ಬಹುಮಾನ! ಸಾಲದು ಅಂತ ಅವಳ ಬಟ್ಟೆ ಕುದಿಸೋ ಕೆಲಸ ನನ್ನ ತಲೆಗೇ ಬಿತ್ತು.

"ಮಹಾರಾಣಿ ಲಂಗ ಬೇಯ್ತಾ ಇದೆ, ಉಪ್ಪು ಹಾಕ್ಲಾ ಅತ್ತೆ?" ಅಂದೆ.

"ನಿನ್ನ ನಾಲಿಗೇನೂ ಅದರಲ್ಲೇ ಹಾಕಿ ಬೇಯಿಸ್ಕೊ" ಅಂದರು.

ಒಂದು ಮಧ್ಯಾಹ್ನ ಅವಳು ಮಲಗಿದ್ದಳು. ಅವಳ ಸೋಪಲ್ಲಿ ಮೈ ತೊಳೆದು ಅವಳ ಟವಲ್ಲಲ್ಲೇ ಒರೆಸಿಕೊಂಡೆ. ಕುದಿಸಿದ್ದಲ್ಲ, ಅವಳು ಬೆಳಗ್ಗೆ ಬಳಸಿದ್ದು. ಮೆತ್ತಗಿತ್ತು. ಆಮೇಲೆ ಇನ್ನೂ ಎರಡು ಮೂರು ಸಲ ಹಾಗೇ ಮಾಡಿದೆ.

ವಾರದೊಳಗೆ ನನ್ನ ಎಡ ಮೊಲೆ ಮೇಲೆ ಬಾವು ಬಂತು. ಎರಡು ದಿನ ಮುಚ್ಚಿಟ್ಟು ಕೂಸಿಗೆ ಹಾಲು ಕುಡಿಸ್ತಾನೇ ಇದ್ದೆ. ಮೂರನೇ ದಿನ ಜ್ವರಕ್ಕೆ ಬಿದ್ದುಕೊಂಡೆ.

"ಅವಳ ಸಾಮಾನು ಏನಾದ್ರೂ ಮುಟ್ಟಿದ್ರಾ?" ಮತ್ತೆ ಮನೆಗೆ ಬಂದ ಡಾಕ್ಟರು ಕೇಳಿದರು. ಬಟ್ಟೆ ಕುದಿಸಿದ ಮೇಲೆ ಸೋಪು ಹಾಕಿ ಕೈ ತೊಳ್ದಿದ್ದೀನಿ, ಬೇರೇನೂ ಮುಟ್ಟಿಲ್ಲ ಅಂದೆ.

ಅತ್ತೆ ಓರಗಿತ್ತಿ ಮೇಲೆ ತಿರುಗಿದರು. "ಹಂಗಾದ್ರೆ ನೀನೇ ಕಣೇ, ಆ ಕೈಯಲ್ಲಿ ಕೂಸನ್ನ ಎತ್ತಿದೀಯ!"

"ಇಲ್ಲ ಅತ್ತೆ, ಕೂಸಿನ ಹತ್ತಿರಾನೂ ಹೋಗಿಲ್ಲ" ಅಂತ ಅವಳು ಅತ್ತಳು. ಅವಳು ಬೈಸಿಕೊಳ್ಳೋದು ನೋಡಿ ಆ ಜ್ವರದಲ್ಲೂ ನನಗೆ ಹಿತ ಆಯ್ತು.

ಡಾಕ್ಟರು ಕೂಸಿನ ಕತ್ತು, ಕಂಕುಳು ತಿರುಗಿಸಿ ನೋಡಿದರು. "ಹೆಂಗೆ ಹತ್ತಿತು ಅಂತ ಗೊತ್ತಾಗ್ದೆ ಇದ್ರೆ ಈ ಮಗೂಗೆ ಹತ್ತೋದನ್ನ ಹೆಂಗೆ ತಡೀಲಮ್ಮ?"

ಆಗ ಬಾಯಿ ಬಿಟ್ಟೆ. "ಅವಳ ಟವಲ್ಲಲ್ಲಿ ಒರೆಸ್ಕೊಂಡೆ."

ಡಾಕ್ಟರು ಬಾವು ಕೊಯ್ದರು. ಗಾಯ ಒಣಗೋವರೆಗೂ ಕೂಸನ್ನ ಎತ್ತೋ ಹಾಗಿಲ್ಲ, ಹಾಲು ಕೊಡೋ ಹಾಗಿಲ್ಲ ಅಂದರು.

ಅಷ್ಟರಲ್ಲಿ ಅವಳ ಗಾಯ ಮಾದು ಚರ್ಮ ಬಂದಿತ್ತು. ಕೂಸು ಅವಳ ಮಡಿಲಿಗೆ ಹೋಯಿತು. ಒಳಲೆಯಲ್ಲಿ ಹಸುವಿನ ಹಾಲು ಕುಡಿಸೋಳು, ರಾಗಿ ಸರಿ ತಿನ್ನಿಸೋಳು. ನನ್ನ ಹತ್ತಿರ ರಚ್ಚೆ ಹಿಡೀತಿದ್ದ ಕೂಸು ಅವಳ ಹತ್ತಿರ ಕೇಕೆ ಹಾಕೋದು. ಒಂದು ಗುಳ್ಳೇನೂ ಏಳಲಿಲ್ಲ ಅದಕ್ಕೆ. ಮೂಲೆ ಚಾಪೆ ಮೇಲೆ ಕೂತು ನೋಡ್ತಿದ್ದೆ. ಅವಳ ಕೈ ಮುರಿದು ಹೋಗಲಿ ಅಂತಾನೂ ಅಂದುಕೊಂಡಿದ್ದೀನಿ.

ಗಾಯ ಪೂರ್ತಿ ಒಣಗಿದ ದಿನ ಎದ್ದು ಹೋಗಿ ಕೈ ಚಾಚಿದೆ.

"ಕೈ ತೊಳ್ಕೊಂಡ್ರಾ ಅಕ್ಕ?" ಅಂದಳು.

"ತೊಳ್ಕೊಂಡೆ. ಕೊಡೇ ಇಲ್ಲಿ."

"ಸೋಪು ಹಾಕಿ?"

ಡಾಕ್ಟರು ಹೇಳಿದ್ದನ್ನೇ ಕೇಳಿದ್ದಳು, ತಪ್ಪೇನಿಲ್ಲ. ಆದರೂ ಮೈಯೆಲ್ಲ ಉರೀತು. ವಾಪಸ್ ಹೋಗಿ ಅವಳ ಕಣ್ಣೆದುರೇ ಮೊಣಕೈವರೆಗೂ ಸೋಪು ತಿಕ್ಕಿ ತೊಳೆದು ಬಂದೆ. ಕೂಸು ಅವಳ ಸೆರಗು ಹಿಡಿದು ಕಿರುಚ್ತು. ಒಂದೊಂದೇ ಬೆರಳು ಬಿಡಿಸಿ ಎತ್ತಿಕೊಂಡೆ.