ಸೀತತ್ತೆ ಕುಡಿದ ಗಂಜಿ

ಆ ಕಾಲದಲ್ಲಿ ತ್ರಿಪ್ಲಿಕೇನಿನ ನಮ್ಮ ಮನೆಗೆ ಬೇಸಿಗೆ ಬರುತ್ತಿದ್ದುದು ಸಂಡಿಗೆ ಹಿಟ್ಟಿನ ವಾಸನೆಯ ಜೊತೆಗೆ. ಇಂಗು, ಹಸಿಮೆಣಸಿನಕಾಯಿ, ನಿಂಬೆಹುಳಿ. ಬಿಸಿಲೇರುವ ಮೊದಲೇ ಮಹಡಿಯ ಮೇಲೆ ಹಳೆಯ ಪಂಚೆ ಹಾಸಿ ಸಂಡಿಗೆ ಇಟ್ಟಾಗಬೇಕು. ಕಾಗೆ ಓಡಿಸುವುದು ಮಕ್ಕಳ ಕೆಲಸ. ಕಾಗೆಗಿಂತ ಹೆಚ್ಚು ತಿಂದವರೂ ನಾವೇ. ನನ್ನ ವಯಸ್ಸಿನವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

ಆ ಹಿಟ್ಟು ಕಾಯಿಸುತ್ತಿದ್ದವಳು ಸೀತತ್ತೆ, ನಮ್ಮಪ್ಪನ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡ ಹೋಗಿದ್ದ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ನಮ್ಮ ಅಡುಗೆಮನೆಯಲ್ಲಿ ತಂದಿಟ್ಟಿದ್ದರು. ಬೆಳಿಗ್ಗೆ ಸ್ನಾನವಾದರೆ ಮುಗಿಯಿತು, ಮಡಿ. ಅವಳನ್ನು ಯಾರೂ ಮುಟ್ಟುವಂತಿಲ್ಲ. ನಾನು ಕಾನ್ವೆಂಟಿನಿಂದ ಬಂದು ಯೂನಿಫಾರ್ಮಿನಲ್ಲೇ ಹೊಸ್ತಿಲ ಹತ್ತಿರ ಹೋದರೆ, "ಅಲ್ಲೇ ನಿಲ್ಲೇ, ಡಾರ್ಲಿಂಗು!" ಎಂದು ಸೌಟು ಎತ್ತುತ್ತಿದ್ದಳು. ಅವಳಿಗೆ ಗೊತ್ತಿದ್ದ ಇಂಗ್ಲಿಷ್ ಅಷ್ಟೇ, ಅದನ್ನೂ ನಾನೇ ಕಲಿಸಿದ್ದು.

ಆ ವರ್ಷ ಕುದಿಯುವ ಹಿಟ್ಟಿನ ಪಾತ್ರೆ ಜಾರಿ ಅವಳ ಪಾದದ ಮೇಲೆ ಬಿತ್ತು. ಜೇನುತುಪ್ಪ ಹಚ್ಚಿದರು, ಬಾಳೆಯ ರಸ ಹಚ್ಚಿದರು. ಆ ಕಾಲಿನಲ್ಲೇ ಅವಳು ಮನೆಮಂದಿಗೆಲ್ಲ ಅಡುಗೆ ಮಾಡಿದಳು, ಮಾಡಬೇಡ ಎಂದು ಒಬ್ಬರೂ ಹೇಳಲಿಲ್ಲ. ಕಾಲು ಕೀವುಗಟ್ಟಿ ಜ್ವರ ಏರಿದ ಮೇಲೆ ಮನೆಯ ಯಜಮಾನರಾದ ದೊಡ್ಡಪ್ಪ ಅವಳನ್ನು ರಿಕ್ಷಾದಲ್ಲಿ ಕೂರಿಸಿ, ಕೀಲ್ಪಾಕಿನಲ್ಲಿ ನನ್ನ ಸ್ಕೂಲಿನ ಕಾಂಪೌಂಡಿನಲ್ಲೇ ಇದ್ದ ನನ್‌ಗಳ ಆಸ್ಪತ್ರೆಗೆ ಸೇರಿಸಿದರು. "ಔಷಧಿ ಮಾತ್ರ ಅವರದು. ಅನ್ನ, ನೀರು ನಮ್ಮದು" ಎಂದು ಅಪ್ಪಣೆಯಾಯಿತು. ಕ್ಯಾರಿಯರ್ ಹೊತ್ತು ಹೋಗುವವಳು ನಾನು.

ಬೆಳಿಗ್ಗೆ ಕಟ್ಟಿದ ಮೊಸರನ್ನ ಮಧ್ಯಾಹ್ನದ ಬೆಲ್ ಹೊಡೆಯುವ ಹೊತ್ತಿಗೆ ಹುಳಿವಾಸನೆ ಬರುತ್ತಿತ್ತು. ಸೀತತ್ತೆ ಒಂದು ತುತ್ತು ತಿಂದು ಮುಚ್ಚಿಡುತ್ತಿದ್ದಳು. ವಾರ್ಡ್ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಅಗಾಥಾ ಮಂಗಳೂರಿನವರು. ಒಂದು ಮಧ್ಯಾಹ್ನ ನಾನು ಹೋದಾಗ ಅವರು ನೆಲದ ಮೇಲೆ ಮಂಡಿಯೂರಿ, ಅತ್ತೆಯ ಪಾದವನ್ನು ಬೇಸಿನ್ನಿನಲ್ಲಿಟ್ಟು ತೊಳೆಯುತ್ತಿದ್ದರು. ನಾರುವ ಹಳೇ ಬ್ಯಾಂಡೇಜನ್ನು ಅವರೇ ಬಿಚ್ಚಿದರು. ಆಮೇಲೆ ಒದ್ದೆ ಬಟ್ಟೆ ಹಿಂಡಿ ಅತ್ತೆಯ ಬೋಳುತಲೆಯ ಮೇಲೆ ಹಾಕಿ, ಅದರ ಮೇಲೆ ಕೈ ಇಟ್ಟುಕೊಂಡೇ ಕೂತರು. ಕ್ಷೌರದವನ ಕತ್ತಿ ಬಿಟ್ಟರೆ ಆ ತಲೆಯನ್ನು ಯಾರಾದರೂ ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಎಂತ ಅಮ್ಮಾ, ಹೀಗೆ ಹಟ ಮಾಡಿದರೆ ಹೇಗೆ? ಸ್ವಲ್ಪ ಗಂಜಿ ಕುಡಿಯಿರಿ. ಪಾಪ ಉಂಟಾದರೆ ನನಗಿರಲಿ, ನಿಮ್ಮ ದೇವರಿಗೆ ನಾನೇ ಹೇಳ್ತೇನೆ."

"ನಿಮ್ಮ ಕನ್ನಡ ನಮ್ಮ ದೇವರಿಗೆ ಅರ್ಥ ಆಗತ್ತೋ ಇಲ್ವೋ" ಎಂದಳು ಸೀತತ್ತೆ. ಇಬ್ಬರೂ ನಕ್ಕರು. ನಕ್ಕು, ಅತ್ತೆ ಬಾಯಿ ತೆರೆದಳು. ಸಿಸ್ಟರ್ ಚಮಚದಲ್ಲಿ ಕುಡಿಸಿದರು.

ಕಾಲು ಮಾಯಿತು. ಅತ್ತೆ ಮನೆಗೆ ಬಂದ ದಿನ ದೊಡ್ಡಪ್ಪ ಬಾಗಿಲಿಗೆ ಅಡ್ಡ ನಿಂತಿದ್ದರು.

"ಅಲ್ಲಿ ಏನು ತಗೊಂಡೆ, ಸೀತೂ?"

"ಮನೆ ಅನ್ನ ಹಳಸಿತ್ತು. ಗಂಜಿ ಕುಡಿದೆ."

"ಯಾರ ಕೈಯಿಂದ?"

"ನನ್ನ ಕಾಲು ತೊಳೆದವರ ಕೈಯಿಂದ."

"ಸರಿ. ಪ್ರಾಯಶ್ಚಿತ್ತ ಮಾಡ್ಕೊ. ಆಮೇಲೆ ಅಡುಗೆಮನೆ."

"ಅಣ್ಣ, ನೀನು ದಿನಾ ಹಾರ್ಬರ್ ಆಫೀಸಲ್ಲಿ ಬಿಳಿ ದೊರೆ ಜೊತೆ ಟೀ ಕುಡಿದು ಬರ್ತೀಯಲ್ಲ. ನೀನು ಯಾವತ್ತು ಮಾಡ್ಕೊಂಡೆ?"

ದೊಡ್ಡಪ್ಪನ ಮುಖ ಕೆಂಪಾಯಿತು. "ಹಾಗಾದ್ರೆ ಗಂಜಿ ಕುಡಿಸಿದವರ ಹತ್ರಾನೇ ಇರು." ನನ್ನ ತಂದೆ ಅಲ್ಲೇ ಈಸಿಚೇರಿನಲ್ಲಿದ್ದರು. ಒಡಹುಟ್ಟಿದ ಅಕ್ಕ. ಪೇಪರಿನಿಂದ ಕಣ್ಣೆತ್ತಲಿಲ್ಲ. ಮೇ ಗಾಡ್ ಫರ್ಗಿವ್ ಹಿಮ್ ಎನ್ನಲು ಸ್ಕೂಲಿನ ಸಿಸ್ಟರ್‌ಗಳು ಕಲಿಸಿದ್ದಾರೆ. ನನಗಿನ್ನೂ ಬಾಯಿ ಬಂದಿಲ್ಲ.

ಸೀತತ್ತೆ ಅಳಲಿಲ್ಲ. ಬಂದ ರಿಕ್ಷಾ ಇನ್ನೂ ತಿರುಗಿರಲಿಲ್ಲ, ಅದರಲ್ಲೇ ಹೋದಳು.

ಆಸ್ಪತ್ರೆಯ ಹಿಂದೆ ನನ್‌ಗಳು ದಿಕ್ಕಿಲ್ಲದ ಮುದುಕಿಯರನ್ನು ಇಟ್ಟುಕೊಂಡಿದ್ದರು. ಅವರಿಗೆ ಗಂಜಿ ಕುಡಿಸುವುದು, ಮೈ ಒರೆಸುವುದು, ಮಗ್ಗುಲು ಬದಲಿಸುವುದು ಅವಳ ಕೆಲಸವಾಯಿತು. ಮನೆಯಲ್ಲಿ ಅವಳು ಕಿರಿಸ್ತಾನಳಾದಳೆಂದು ಹಬ್ಬಿಸಿದರು. ಸುಳ್ಳು. ಕೊನೆಯವರೆಗೂ ಅವಳು ಏಕಾದಶಿಗೆ ಉಪವಾಸವಿದ್ದಳು, ಆ ದಿನ ಅವಳ ಮುದುಕಿಯರನ್ನು ಸಿಸ್ಟರ್ ಅಗಾಥಾ ನೋಡಿಕೊಳ್ಳುತ್ತಿದ್ದರು. ಲಂಚ್ ಬೆಲ್ ಆದಾಗ ನಾನು ಓಡಿಹೋದರೆ, "ಬಾರೇ ಡಾರ್ಲಿಂಗು" ಎಂದು ತಬ್ಬಿಕೊಂಡು ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಮಡಿಯ ಹಂಗಿಲ್ಲದೆ ಅವಳು ನನ್ನನ್ನು ಮುಟ್ಟಿದ್ದು ಆ ಕಾಂಪೌಂಡಿನಲ್ಲಿ. ನಮ್ಮ ಮನೆಯವರು ಅವಳಿಂದ ಕಿತ್ತುಕೊಂಡಿದ್ದು ಬರೀ ಕೂದಲಲ್ಲ ಎಂದು ನನಗೆ ಆಗ ತಿಳಿಯಿತು.

ಇದೆಲ್ಲ ಈಗ ಯಾಕೆ ಉಕ್ಕಿ ಬಂತೆಂದರೆ, ನನ್ನ ಸೊಂಟದ ಮೂಳೆ ಮುರಿದಿದೆ. ಎರಡು ಸಾವಿರದ ಇಸವಿ ಬಂತು, ಹೊಸ ಸೆಂಚುರಿ ಎಂದು ಊರೆಲ್ಲ ಪಟಾಕಿ ಹೊಡೆದ ಸ್ವಲ್ಪ ದಿನಕ್ಕೆ ಬಚ್ಚಲಲ್ಲಿ ಜಾರಿದೆ. ನನಗೆ ಮಕ್ಕಳಿಲ್ಲ. ದೊಡ್ಡಪ್ಪನ ಮೊಮ್ಮಗ ಮುರಳಿ, ಒಳ್ಳೆಯ ಹುಡುಗ, ಪಲ್ಲಾವರಂ ಕಡೆ ನನ್‌ಗಳು ನಡೆಸುವ ವೃದ್ಧಾಶ್ರಮದಲ್ಲಿ ನನಗೆ ರೂಮು ಮಾಡಿಸಿದ.

"ಅತ್ತೆ, ನೀವು ಟೆನ್ಷನ್ ಮಾಡ್ಕೋಬೇಡಿ. ವಿಚಾರಿಸಿದೀನಿ. ನಡೆಸೋರು ಅವರಾದ್ರೂ ಅಡುಗೆಗೆ ನಮ್ಮವರೇ ಇದಾರೆ."

"ಕಾಲು ತೊಳೆಯೋರು ಯಾರಪ್ಪಾ?"

ಅವನಿಗೆ ಅರ್ಥವಾಗಲಿಲ್ಲ. "ಬೆಲ್ ಇದೆ ಅತ್ತೆ, ಒತ್ತಿದ್ರೆ ಬರ್ತಾರೆ."

ಬರುತ್ತಾರೆ, ನಿಜ. ಸಿಸ್ಟರ್‌ಗಳು ಈಗ ಬೆರಳೆಣಿಕೆಯಷ್ಟು, ಅವರಿಗೂ ವಯಸ್ಸಾಗಿದೆ. ಕೆಲಸದ ಹುಡುಗಿಯರು ಗ್ಲೌಸ್ ಹಾಕಿಕೊಂಡು ಬಂದು, ಥರ್ಮಾಮೀಟರ್ ನೋಡಿ, ಓಡುತ್ತಾರೆ. ಪಾಪ, ಅವರ ಮೇಲೆ ನನಗೆ ಸಿಟ್ಟಿಲ್ಲ. ತ್ರಿಪ್ಲಿಕೇನಿನ ಆ ಮನೆಯನ್ನು ಕೆಡವಿ ಲಾಡ್ಜ್ ಕಟ್ಟಿದ್ದಾರೆ. ಅದಕ್ಕೂ ನನಗೆ ಸಂಕಟವಿಲ್ಲ. ತಲೆಯ ಮೇಲೆ ಒದ್ದೆ ಬಟ್ಟೆ ಹಾಕಿ ಕೈ ತೆಗೆಯದೆ ಕೂರುತ್ತಿದ್ದವರು ಹೋದರು. ಅಡುಗೆಯವರು ಯಾರು ಎಂದು ಕೇಳುವ ನಾವು ಮಾತ್ರ ಹಾಗೆಯೇ ಉಳಿದೆವು.